ಹೆಸರೊಂದನ್ನು ಬಿಟ್ಟು

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ನಾನು ಸಿಬ್ಬಂದಿ ವಿಭಾಗದ ಗುಮಾಸ್ತ. ಕೆಲವು ವರ್ಷಗಳ ಹಿಂದೆ ಮುಖ್ಯ ಕಚೇರಿಯವರು ಪ್ರತಿ ಘಟಕಕ್ಕೂ ಒಬ್ಬ ದೂರು ಅಧಿಕಾರಿ ಇರಬೇಕೆಂದರು. ಕಂಪನಿಯೊಳಗೆ ತಪ್ಪು ಕಂಡ ನೌಕರರು ಅವನಿಗೆ ಹೇಳಬೇಕು. ಅವನು ಅವರ ಗುರುತು ಬಿಟ್ಟುಕೊಡದೆ ಮೇಲಕ್ಕೆ ತಿಳಿಸಬೇಕು. ನಮ್ಮ ಮ್ಯಾನೇಜರರು ನನ್ನನ್ನು ಆರಿಸಿದರು. ನನ್ನ ಪ್ರಾಮಾಣಿಕತೆ ನೋಡಿ ಆರಿಸಿದ್ದಾರೆಂದು ಹಾವೇರಿಯ ಮನೆಯಲ್ಲಿ ಹೇಳಿಕೊಂಡೆ.

“ನಿಮ್ಮ ಮುಂದ ಯಾರೂ ಏನೂ ಹೇಳಂಗಿಲ್ಲ ಅಂತ ಗೊತ್ತಿದ್ದ ಮಾಡ್ಯಾರ,” ಎಂದಳು ಹೆಂಡತಿ.

ನನ್ನ ಫೋಟೊ ಇದ್ದ ಪೋಸ್ಟರನ್ನು ನೋಟಿಸ್ ಬೋರ್ಡಿಗೆ ನಾನೇ ಅಂಟಿಸಿದೆ, ತುಸು ಎತ್ತರಕ್ಕೇ. ಎಂಟು ತಿಂಗಳು ಯಾರೂ ಬರಲಿಲ್ಲ. ನಮ್ಮ ಕಂಪನಿಯಲ್ಲಿ ತಪ್ಪೇ ಇಲ್ಲವೆಂದು ವರದಿ ಬರೆದು ಕಳಿಸುತ್ತಿದ್ದೆ.

ಆಮೇಲೊಂದು ಮಧ್ಯಾಹ್ನ ಪ್ರಯೋಗಾಲಯದ ಹೆಣ್ಣುಮಗಳೊಬ್ಬಳು ಬಂದಳು. ಒದ್ದೆ ಕಾಗದದ ಮೇಲೆ ಬೀಜ ಹರಡಿ, ನೂರಕ್ಕೆ ಎಷ್ಟು ಮೊಳೆತವೆಂದು ಎಣಿಸಿ ಬರೆಯುವುದು ಅವಳ ಕೆಲಸ. ಬಾಗಿಲು ಮುಂದೆ ಮಾಡಿ ಹೇಳಿದಳು:

“ಹಳೇ ಮೆಣಸಿನಕಾಯಿ ಬೀಜ ಹೊಸಾ ಪಾಕೀಟಿನ್ಯಾಗ ತುಂಬಾಕತ್ತಾರ್ರಿ. ನೂರಕ್ಕ ನಲವತ್ತೂ ಹುಟ್ಟವಲ್ಲವು. ಎಂಬತ್ತೈದು ಅಂತ ಬರಿ ಅಂತಾರ ಮ್ಯಾನೇಜರ ಸಾಹೇಬ್ರು. ನಮ್ಮ ತಂಗಿ ಗಂಡ ಬ್ಯಾಡಗಿಯೊಳಗ ಇದ ಬೀಜ ಒಯ್ದು ಸಸಿ ಹಾಕ್ತಾನ್ರಿ. ಖರೇ ಹೇಳೇನಿ, ನನ್ನ ಹೆಸರು ಮಾತ್ರ ಹೊರಗ ಬೀಳಬಾರ್ದು.”

“ನನ್ನ ಜೀವ ಹೋದ್ರೂ ಬೀಳಂಗಿಲ್ಲ,” ಎಂದೆ. ಆ ಮಾತು ನನಗೇ ಬಹಳ ಹಿಡಿಸಿತು.

ಎರಡು ದಿನ ಕೂತು ವರದಿ ಬರೆದೆ. “ದೂರುದಾರರ ಹೆಸರನ್ನು ಗೋಪ್ಯವಾಗಿಡಲಾಗಿದೆ” ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿದೆ. ಮುಖ್ಯ ಕಚೇರಿಯವರಿಗೆ ನಂಬಿಕೆ ಬರಲೆಂದು ಅದರ ಕೆಳಗೆ ಇನ್ನಷ್ಟು ಸೇರಿಸಿದೆ: ಇವರು ಹನ್ನೊಂದು ವರ್ಷದಿಂದ ಪ್ರಯೋಗಾಲಯದಲ್ಲಿದ್ದಾರೆ, ದಿನಾ ಗುತ್ತಲದಿಂದ ಬಸ್ಸಿನಲ್ಲಿ ಬರುತ್ತಾರೆ, ಎಡಗೈಯಲ್ಲಿ ಬರೆಯುತ್ತಾರೆ. ಅಂಥವರು ನಮ್ಮಲ್ಲಿ ಒಬ್ಬರೇ ಇದ್ದದ್ದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮುಖ್ಯ ಕಚೇರಿಯವರು ಆ ವರದಿಯನ್ನು “ವಿವರಣೆ ಕೊಡಿ” ಎಂದು ನೇರ ಮ್ಯಾನೇಜರರಿಗೇ ಕಳಿಸಿದರು. ಅದೇ ವಾರ ಮ್ಯಾನೇಜರರು, ಕೆಲಸದ ಅನುಕೂಲಕ್ಕಾಗಿ ಎಂದು, ಅವಳನ್ನು ಚೀಲ ಜಾಡಿಸಲು ಗೋದಾಮಿಗೆ ಹಾಕಿದರು. ಆ ಆದೇಶ ಟೈಪ್ ಮಾಡಿದವನೂ ನಾನೇ. ಒಂದಕ್ಷರ ತಪ್ಪಿರಲಿಲ್ಲ.

ಗೋದಾಮಿನ ಬಾಗಿಲಲ್ಲಿ ಅವಳು ತಡೆದಳು. “ಹೆಸರೊಂದು ಬಿಟ್ಟು ನನ್ನ ಕುಂಡಲಿನ ಬರದು ಕೊಟ್ಟೀರಲ್ರಿ!”

“ಹೆಸರು ಬರದಿಲ್ಲವ್ವಾ...” ಎಂದು ತೊದಲಿದೆ.

“ಹೋಗ್ಲಿ, ಬೀಜದ್ದೇನಾತು? ಅದನ್ನರ ಹೇಳ್ರಿ.”

ಅದನ್ನು ನಾನು ಯಾರನ್ನೂ ಕೇಳಿಯೇ ಇರಲಿಲ್ಲ. ಅವಳ ಮುಖ ನೋಡಲಾಗದೆ, ಧೂಳಿಗೆ ಕಣ್ಣುರಿದಂತೆ ನಟಿಸುತ್ತ ಹಿಂದಿರುಗಿದೆ.

ಮರುದಿನ ದೂರು ಕೊಡಲೆಂದೇ ಇದ್ದ ಕಂಪನಿಯ ಆ್ಯಪ್‌ನಲ್ಲಿ ನನ್ನ ಮೇಲೆಯೇ ದೂರು ಬರೆದೆ: ಗುರುತು ಬಯಲು ಮಾಡಿದ್ದೇನೆ, ಬೀಜದ ತನಿಖೆಯೂ ಆಗಿಲ್ಲ. ಒತ್ತಿದೊಡನೆ ಕೈಯಲ್ಲಿದ್ದ ಮೊಬೈಲೇ ಗುಂಯ್‌ಗುಟ್ಟಿತು. ದೂರು ಅಧಿಕಾರಿಯಾದ ನನಗೇ ಅದು ಬಂದಿತ್ತು! ನಿಯಮದಂತೆ “ಧನ್ಯವಾದ, ನಿಮ್ಮ ಗುರುತು ಸುರಕ್ಷಿತವಾಗಿದೆ” ಎಂದು ನನಗೆ ನಾನೇ ಉತ್ತರಿಸಿದೆ. ಬಳಿಕ ಅದನ್ನೇ ಕಾಗದಕ್ಕಿಳಿಸಿ, ಹೆಸರು ಬರೆದು, ಸಹಿ ಮಾಡಿ, ಮುಖ್ಯ ಕಚೇರಿಯ ದೊಡ್ಡವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆ. ಆ ಸಹಿ ಬ್ಯಾಂಕಿನವರು ಒಪ್ಪದಂಥದ್ದಾಗಿತ್ತು.

ತಿಂಗಳ ಮೇಲೆ ಅಲ್ಲಿಂದ ಮಹಿಳಾ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದರು. ಪಾಕೀಟುಗಳಿಗೆ ಮೊಹರು ಹಾಕಿಸಿ, ಗೋದಾಮಿನಿಂದ ಗುತ್ತಲದವಳನ್ನು ಕರೆಸಿ, ತಮ್ಮೆದುರೇ ಬೀಜ ಹರಡಿಸಿದರು. ಹದಿನಾಲ್ಕನೆಯ ದಿನ ಮತ್ತೆ ಬಂದು ಎಣಿಸಿದಾಗ ಮೊಳೆತದ್ದು ಮೂವತ್ತೆಂಟು. ಬ್ಯಾಡಗಿಯ ಅಂಗಡಿಗಳಿಗೆ ಹೋಗಿದ್ದ ಪಾಕೀಟುಗಳೆಲ್ಲ ಬಿತ್ತನೆಗೆ ಮೊದಲೇ ವಾಪಸ್ ಬಂದವು. ಮ್ಯಾನೇಜರರನ್ನು ಬೇರೆ ಊರಿಗೆ ಕಳಿಸಿದರು, ಅದೇ ಹುದ್ದೆಗೆ. ಅವಳು ಪ್ರಯೋಗಾಲಯಕ್ಕೆ ಮರಳಿದಳು. ನನ್ನನ್ನು ದೂರು ಅಧಿಕಾರಿಯ ಕೆಲಸದಿಂದ ತೆಗೆದರು. ಇಡೀ ಪ್ರಕರಣದಲ್ಲಿ ಮುಖ್ಯ ಕಚೇರಿಯವರು ತಡಮಾಡದೆ ಕೈಗೊಂಡ ಕ್ರಮ ಅದೊಂದೇ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳ ಹತ್ತಿರ ಹೋಗಿ, “ತಪ್ಪಾತವ್ವಾ,” ಎಂದೆ.

“ಬೀಜ ವಾಪಸ್ ಬಂದ್ವಲ್ರಿ, ಬಿಡ್ರಿ,” ಎಂದಳು. ಗುತ್ತಲದ ಬಸ್ಸು ಬಂತು. ಮೆಟ್ಟಿಲೇರಿ ತಿರುಗಿ ನೋಡಿದಳು. “ಆದ್ರ ಇನ್ನೊಮ್ಮೆ ಏನರ ಕಂಡ್ರ ನಿಮ್ಮ ಮುಂದ ಹೇಳಂಗಿಲ್ರಿ.”

ಹಾಗೇ ಮಾಡು ಎಂದು ಅವಳಿಗೆ ಮನಸಾರೆ ಹೇಳಿದೆ.