ನೋಡದ ದಿನದ ಮಳೆ

...ಅಕ್ಕ ಎಡಗಣ್ಣನ್ನೇ ಮುಚ್ಚುತ್ತಿದ್ದರು ಎಂದು ಬರೆದು ಹೊಡೆದುಹಾಕಿದೆ, ಬಲಗಣ್ಣೂ ಇರಬಹುದು. ಮಂಡಿಯೂರಿದ್ದಂತೂ ನಿಜ. ಅಳತೆಯ ಗಾಜಿನ ಲೋಟವನ್ನು ಶಾಲೆಯ ಜಗಲಿಯ ಮೇಲಿಟ್ಟು, ಒಂದು ಕಣ್ಣು ಮುಚ್ಚಿ, ಮಳೆನೀರಿನ ಮಟ್ಟಕ್ಕೆ ಮುಖ ಇಳಿಸಿ ಉಸಿರು ಬಿಗಿಹಿಡಿಯುತ್ತಿದ್ದರು. ನಾನು ಅದನ್ನು ಕಂಡಿದ್ದು ಒಂದೇ ಸಲ. ನೆನಪು ಮಾತ್ರ ದಿನಾ ಕಂಡಂತೆ ಹೇಳುತ್ತದೆ.

ಗುಬ್ಬಿ ತಾಲೂಕಿನ ಒಂದು ಹೋಬಳಿಯ ಮಳೆಮಾಪಕ ಅವರ ಸುಪರ್ದಿಯಲ್ಲಿತ್ತು. ಬೆಳಗ್ಗೆ ಎಂಟೂವರೆಗೆ ನೋಡಿ ತುಮಕೂರಿನ ನಮ್ಮ ಆಫೀಸಿಗೆ ಫೋನ್ ಮಾಡುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅವರನ್ನು ಅಕ್ಕ ಎನ್ನುತ್ತಿದ್ದೆ. ಅಂಕಿಗಿಂತ ಮೊದಲು "ತಿಂಡಿ ಆಯ್ತೇನೋ?" ಎಂಬ ಪ್ರಶ್ನೆ. ಮರಳೂರಿನ ಬಾಡಿಗೆ ರೂಮಿನಲ್ಲಿದ್ದ ನನ್ನನ್ನು ಆಗ ಹಾಗೆ ಕೇಳುತ್ತಿದ್ದವರು ಅವರೊಬ್ಬರೇ. ಇಲ್ಲವೆಂದರೆ, "ಇವತ್ತಿನ ಸೊನ್ನೆ ಎಲ್ಲೂ ಓಡೋಗಲ್ಲ ಬುಡು, ತಿಂದು ಬಾ" ಎಂದು ಫೋನ್ ಇಟ್ಟುಬಿಡುತ್ತಿದ್ದರು.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಸತತ ಮೂರು ವಾರ ಮಳೆಯಿಲ್ಲವೆಂದು ಅಂಕಿ ತೋರಿಸಿದರೆ ಹೋಬಳಿ ಬರದ ಪಟ್ಟಿಗೆ ಸೇರುತ್ತದೆ, ದನಗಳಿಗೆ ಮೇವು ಬರುತ್ತದೆ. ಅಕ್ಕನ ಹೋಬಳಿಗೆ ಇಪ್ಪತ್ತು ದಿನ ಸೊನ್ನೆ. ನಡುವೆ ಒಂದು ದಿನ ಖಾಲಿ. ಅಂದು ಅವರು ಮಗಳ ಹೆರಿಗೆಗೆಂದು ಕುಣಿಗಲ್‌ನಲ್ಲಿದ್ದರು. ಮಳೆ ಬಿದ್ದಿದ್ದರೆ ಮಾಪಕದ ಬಾಟಲಿಯಲ್ಲಿ ನೀರು ಮರುದಿನವೂ ಇರುತ್ತಿತ್ತು. ಆದರೆ ಶಾಲೆಯ ಅಡುಗೆಯಾಕೆ, ಅಕ್ಕನಿಗೆ ಉಪಕಾರವಾಗಲೆಂದು, ಬಿಸಿಯೂಟದ ಪಾತ್ರೆಗಳ ಜೊತೆ ಅದನ್ನೂ ತೊಳೆದು ಬೋರಲು ಹಾಕಿದ್ದಳು. ನೀರಿತ್ತೇನೇ ಎಂದು ಅಕ್ಕ ಕೇಳಿದರೆ, "ಯಾರ್ ನೋಡಿದ್ರಕ್ಕ, ತೊಳೆದುಬುಟ್ಟೆ" ಎಂದಳಂತೆ.

ಆ ಖಾಲಿ ದಿನಕ್ಕೆ ನಾನು ರಿಜಿಸ್ಟರಿನಲ್ಲೂ ಕಂಪ್ಯೂಟರಿನಲ್ಲೂ ಸೊನ್ನೆ ಬರೆದೆ. ಬರೆದೆನೆಂದು ಫೋನಿನಲ್ಲಿ ಹೇಳಿದೆ, ಖುಷಿಪಡುತ್ತಾರೆಂದು. ಮಧ್ಯಾಹ್ನಕ್ಕೆ ಬಸ್ ಹತ್ತಿ ಆಫೀಸಿಗೆ ಬಂದೇಬಿಟ್ಟರು.

"ಏನ್ಲಾ, ಇಲ್ಲಿ ಫ್ಯಾನ್ ಕೆಳಗೆ ಕೂತ್ಕಂಡು ನಮ್ಮೂರ ಮೋಡ ನೋಡಿದ್ಯಾ?"

"ಅಕ್ಕ, ಸುತ್ತಮುತ್ತ ಎಲ್ಲೂ ಹನಿ ಬಿದ್ದಿಲ್ಲ."

"ಸೊನ್ನೆ ಅಂದ್ರೆ ನೋಡ್ದೆ, ನೀರಿರ್ಲಿಲ್ಲ ಅಂತ. ನಾನು ನೋಡ್ಲೇ ಇಲ್ವಲ್ಲೋ. ನೋಡ್ದೇ ಇರೋ ದಿನಕ್ಕೆ ಗೀಟು ಎಳಿ."

"ಗೀಟು ಎಳೆದ್ರೆ ಮೂರು ವಾರ ತುಂಬಲ್ಲ. ನಿಮ್ ತಮ್ಮನ ರಾಗಿ ಒಣಗ್ತಾ ಐತೆ ಅಂತ ನೀವೇ ಹೇಳಿದ್ರಿ. ಹಸುಗೆ ಏನ್ ಹಾಕ್ತಾರೆ?"

ಅವರು ರಿಜಿಸ್ಟರಿನ ಆ ಸೊನ್ನೆಯ ಮೇಲೆ ಬೆರಳಿಟ್ಟರು.

"ಒಣಗೈತೆ ಕಣೋ. ನಿಮ್ ಸಾಹೇಬ್ರನ್ನ ಕಳ್ಸು, ಹೊಲದಲ್ಲಿ ನಾನೇ ಓಡಾಡ್ಸ್ತೀನಿ. ಅದನ್ನ ನೋಡಿ ಬರೀಲಿ. ನಾನು ನೋಡ್ದೇ ಇರೋದನ್ನ ನನ್ನ ಲೆಕ್ಕಕ್ಕೆ ಹಾಕ್ಬೇಡ."

ಅವರೆದುರೇ ರಿಜಿಸ್ಟರಿನಲ್ಲಿ ಸೊನ್ನೆ ಹೊಡೆದುಹಾಕಿ ಗೀಟೆಳೆದೆ. ಸೆರಗಿನ ಗಂಟು ಬಿಚ್ಚಿ ಕೊಬ್ಬರಿ, ಬೆಲ್ಲ ನನ್ನ ಕೈಗಿಟ್ಟರು. "ಮೊಮ್ಮಗಳು ಹುಟ್ಟವ್ಳೆ. ಬೈಯೋ ಗಲಾಟೇಲಿ ಹೇಳೋದೇ ಮರ್ತೆ."

ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ಸೊನ್ನೆಯೇ ಇತ್ತು. ಅದನ್ನೂ ತಿದ್ದಿ ಕಳಿಸಿದ ನೆನಪಿದೆ. ಆದರೆ ಆ ನೆನಪಿನಲ್ಲಿ ಅಕ್ಕ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಾರೆ. ನಿಜಕ್ಕಾದರೆ, ಅಂಕಿಗಳು ಮೇಲಿನ ಆಫೀಸಿಗೆ ಹೋಗುವ ಹೊತ್ತಿಗೆ ಅವರು ಊರಿಗೆ ಮರಳುವ ಬಸ್ಸಿನಲ್ಲಿದ್ದರು.

ಹೋಬಳಿ ಪಟ್ಟಿಗೆ ಸೇರಿತು. ಮೇವು ಬಂತು. ಒಣಗಿದ ಹೊಲ ನೋಡಿ ಸೇರಿಸಿದರೋ, ಸೊನ್ನೆಗಳನ್ನು ಎಣಿಸಿ ಸೇರಿಸಿದರೋ, ನಮಗೆ ಯಾರೂ ಹೇಳಲಿಲ್ಲ.

"ಮೇಲಕ್ಕೆ ಗೀಟೇ ತಾನೇ ಹೋಗಿದ್ದು?" ಅಕ್ಕ ಒಮ್ಮೆ ಫೋನಿನಲ್ಲಿ ಕೇಳಿದರು.

ಹೂಂ ಎಂದೆ. ಮತ್ತೆಂದೂ ಅವರು ಕೇಳಲಿಲ್ಲ. ಹೋದ ವರ್ಷ ತೀರಿಕೊಂಡರು. ಕಳಿಸಿದ ಅಂಕಿಗಳ ಕಡತ ತೆಗೆದು ನೋಡಲು ನನಗೆ ಎಷ್ಟೋ ದಿನಗಳಿದ್ದವು, ನೋಡಲಿಲ್ಲ. ಅವರಿಗೆ ನಾನು ಹೇಳಿದ್ದು ನಿಜವೋ ಸುಳ್ಳೋ, ನನಗೆ ಗೊತ್ತಿಲ್ಲ.