ಹುಳು ತಿನ್ನದೆ ಬಿಟ್ಟ ತಲೆಕಟ್ಟು

ದಿನವೂ ಸಂಧ್ಯಾವಂದನೆಯಲ್ಲಿ ಪ್ರವರ ಹೇಳಿ, ನನ್ನ ಗೋತ್ರದ ಮೂವರು ಋಷಿಗಳಿಗೆ ನಾನು ಯಾರೆಂಬುದನ್ನು ನಿವೇದಿಸಿಕೊಳ್ಳುತ್ತೇನೆ. ಶ್ರಾದ್ಧದ ದಿನ ತಂದೆ, ತಾತ, ಮುತ್ತಾತರ ಹೆಸರು ಹೇಳಿ ಪಿಂಡವಿಡುತ್ತೇನೆ. ಆ ಋಷಿಗಳಿಗೂ ಈ ಮುತ್ತಾತನಿಗೂ ನಡುವೆ ನಮ್ಮವರು ಏನು ಮಾಡಿಕೊಂಡಿದ್ದರೆಂಬ ಪ್ರಶ್ನೆ ಎಪ್ಪತ್ತೆಂಟು ವರ್ಷ ನನ್ನನ್ನು ಬಾಧಿಸಿರಲಿಲ್ಲ. ಬಾಧಿಸತೊಡಗಿದ್ದು ಅಮೆರಿಕದಲ್ಲಿ, ಮಗಳ ಮನೆಗೆ ಬಂದು ನೆಲೆಸಿದ ಮೇಲೆ.

ಯೂನಿಯನ್ ಸಿಟಿಯ ಒಂದು ಸಭಾಂಗಣದಲ್ಲಿ ನಾವು ಕನ್ನಡದ ಹಿರಿಯರು ಶನಿವಾರ ಮಧ್ಯಾಹ್ನ ಸೇರುತ್ತೇವೆ. ಕಳೆದ ವರ್ಷ ಅಲ್ಲಿ ವಂಶಶೋಧನೆಯ ಜ್ವರ ಹಬ್ಬಿತು. ಒಬ್ಬರು ಗಾಜಿನ ನಳಿಕೆಯಲ್ಲಿ ಉಗುಳಿ, ಅದನ್ನು ಅಂಚೆಗೆ ಹಾಕಿ, ತಮ್ಮ ಮೂಲವನ್ನು ತರಿಸಿಕೊಂಡರು. ಎಂಜಲನ್ನು ಅಷ್ಟು ಮಡಿಯಿಂದ ಕಾಪಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಉಳಿದವರು ಮನೆಯ ಹಳೆಯ ಕಾಗದಗಳನ್ನು ಕೆದಕಿದರು. ಕೆಲವೇ ತಿಂಗಳಲ್ಲಿ ಇಬ್ಬರ ಪೂರ್ವಜರು ದಿವಾನರಾದರು, ಒಬ್ಬರದು ದಂಡನಾಯಕರ ಮನೆತನವಾಯಿತು, ಇನ್ನೊಬ್ಬರದು ರಾಜಗುರುಗಳದು. ಬರೀ ಪ್ರಜೆಯಾಗಿದ್ದ ಪೂರ್ವಜ ಯಾರಿಗೂ ಸಿಗಲಿಲ್ಲ. ಅಷ್ಟೊಂದು ದಿವಾನರು ಸೇರಿ ಆಳಿದ್ದು ಯಾರನ್ನೋ, ಭಗವಂತನೇ ಬಲ್ಲ.

ನಾನೂ ಹಿಂದೆ ಬೀಳಲಿಲ್ಲ. ನನ್ನ ಮುತ್ತಾತನ ತಂದೆಗೆ ಅರಮನೆಯಿಂದ ಬಂದ ಒಂದು ಕಾಗದ ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿತ್ತು. ಬರುವಾಗ ಸಾಲಿಗ್ರಾಮದ ಪೆಟ್ಟಿಗೆಯಲ್ಲೇ ಇಟ್ಟು ತಂದಿದ್ದೆ. ಅರಮನೆಯ ‘ಪಾಠಶಾಲೆಯ ಮುಖ್ಯರಿಗೆ’ ಬರೆದದ್ದು ಅದು. ನಡುವಿನ ‘ಠ’ದ ಹೊಟ್ಟೆಯನ್ನಷ್ಟೇ ಹುಳು ತಿಂದಿತ್ತು. ಪಾಯಸವು ತಳ ಹಿಡಿಯದಂತೆ ನೋಡಿಕೊಳ್ಳಬೇಕು, ಹಠ ಹಿಡಿದು ಸೌಟು ಆಡಿಸುತ್ತಲೇ ಇರಬೇಕು ಎಂದು ಮುಂದೆ ಕಠಿಣವಾದ ಆಜ್ಞೆಯಿತ್ತು. ನಲವತ್ತು ವರ್ಷ ಸಂಸ್ಕೃತ ಕಲಿಸಿದವನಿಗೆ ಇದರ ವ್ಯಾಖ್ಯಾನ ಕಷ್ಟವೇ? ಪಾಯಸವೆಂದರೆ ಜ್ಞಾನರಸ; ತಳ ಹಿಡಿಯುವುದೆಂದರೆ ಶಿಷ್ಯನ ಜಾಡ್ಯ; ಸೌಟೆಂದರೆ ಪುನರಾವರ್ತನೆ. ಸಭೆಯಲ್ಲಿ ಇದನ್ನು ಹೇಳಿದಾಗ ರಾಜಗುರುಗಳ ವಂಶಸ್ಥರು ಕಣ್ಣೊರೆಸಿಕೊಂಡರು.

ಉಡುಪಿ ಕಡೆಯ ಒಬ್ಬ ಹಿರಿಯರು ಮಾತ್ರ, “ನಮ್ಮದು ಎಂತದೂ ಇಲ್ಲ ಮಾರಾಯ್ರೆ. ಅಜ್ಜ, ಅವರಜ್ಜ, ಎಲ್ಲ ಒಲೆ ಎದುರೇ ಬೆವರು ಸುರಿಸಿದವರು” ಎಂದರು. “ಅನ್ನ ಬಡಿಸುವುದೂ ಒಂದು ವಿದ್ಯೆಯೇ, ಬಿಡಿ” ಎಂದು ನಾನು ಸಮಾಧಾನ ಹೇಳಿದೆ. ಆ ‘ಬಿಡಿ’ಯಲ್ಲಿದ್ದ ಔದಾರ್ಯವನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಮುಂದಿನ ತಿಂಗಳು ಅರಮನೆ ಪಂಡಿತ ಪರಂಪರೆಯ ಮೇಲೆ ನನ್ನದೇ ಉಪನ್ಯಾಸವೆಂದು ನಿಶ್ಚಯವಾಯಿತು. ಪರದೆಯ ಮೇಲೆ ತೋರಿಸುವ ಚಿತ್ರಗಳನ್ನು ಸಿದ್ಧಪಡಿಸಲು ಹದಿನಾಲ್ಕು ವರ್ಷದ ಮೊಮ್ಮಗಳು ಕುಳಿತಳು. ಕನ್ನಡದ ಅಕ್ಷರ ಅವಳಿಗೆ ನಾನೇ ಕಲಿಸಿದ್ದು. ಅರ್ಥ ಅರ್ಧ ತಿಳಿಯದಿದ್ದರೂ ಅಕ್ಷರ ತಪ್ಪುವವಳಲ್ಲ. ಕಾಗದದ ಚಿತ್ರವನ್ನು ಅವಳು ಹಿಗ್ಗಿಸಿದಳು. ಒಂದೊಂದು ಅಕ್ಷರವೂ ದೋಸೆಯಷ್ಟಾಯಿತು.

“ತಾತ, ಪಾಕಶಾಲೆ ಅಂದ್ರೇನು?”

“ಪಾಠಶಾಲೆ, ಪುಟ್ಟಿ. ಸ್ಕೂಲು.”

“ನೋ, ಇದು ಕ. ಮೇಲೆ ತಲೆಕಟ್ಟು ಇದೆ ನೋಡು. ಠಗೆ ತಲೆಕಟ್ಟು ಇರಲ್ಲ ಅಂತ ನೀನೇ ಹೇಳ್ಕೊಟ್ಟಿದ್ದು.”

ನಿಜ. ಅಕ್ಷರದ ನೆತ್ತಿಯ ಮೇಲಿನ ಆ ಪುಟ್ಟ ಗೆರೆಯನ್ನು ಹುಳು ಮುಟ್ಟದೆ ಬಿಟ್ಟಿತ್ತು. “ಹಳೇ ಕಾಲದವರು ಠಗೂ ಹಾಕ್ತಿದ್ರು ಮಗು” ಎಂದೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಜಪ ಮಾಡಿದ ಬಾಯಿಂದಲೇ ಆ ಸುಳ್ಳು ಬಂತು.

“ರಿಯಲಿ? ಹಾಗಾದ್ರೆ ಇಲ್ಲಿ ‘ಹಠ’ ಅಂತ ಇದ್ಯಲ್ಲ, ಈ ಠಗೆ ಯಾಕಿಲ್ಲ?”

ಅಕ್ಷರಕ್ಕೆ ತಲೆಕಟ್ಟು ಬಂದದ್ದೇ ನಮ್ಮ ಹಿರಿಯರ ತಲೆಯ ಮೇಲಿದ್ದ ಪಂಡಿತರ ಪೇಟ ಹೋಯಿತು. ಪಾಕಶಾಲೆಯೆಂದರೆ ಅಡುಗೆಮನೆ. ಪಾಯಸವೆಂದರೆ, ಅಯ್ಯೋ, ಪಾಯಸ.

“ಸ್ಲೈಡಲ್ಲಿ ಯಾವ್ದು ಬರೀಲಿ ತಾತ? ಅಲ್ಲಿರೋದಾ, ನಿಂಗೆ ಬೇಕಾಗಿರೋದಾ?”

ಅವಳ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ, ವಿಧೇಯಳಾಗಿ ಕೇಳಿದಳು. ನಾನು ದೇವರ ಕೋಣೆಗೆ ಹೋಗಿ ಕುಳಿತೆ. ಬೆರಳು ಜಪಮಣಿಯ ಮೇಲಿತ್ತು, ಮನಸ್ಸು ಸಭಾಂಗಣದಲ್ಲಿತ್ತು. ‘ಠ’ ಎಂದು ಸಾಧಿಸಿದರೆ ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಅವರವರ ಕಾಗದದ ಚಿಂತೆ ಅವರವರಿಗೆ. ಆದರೆ ನನ್ನ ಬಳಿ ಕನ್ನಡ ಕಲಿತ ಏಕೈಕ ಶಿಷ್ಯೆಗೆ, ಅಕ್ಷರವೆಂದರೆ ಬೇಕಾದಂತೆ ಓದುವ ವಸ್ತು ಎಂಬ ಪಾಠವೂ ನನ್ನಿಂದಲೇ ಆಗಿಹೋಗುತ್ತದೆ. ಎದ್ದು ಬಂದು, “ಅಲ್ಲಿರೋದನ್ನೇ ಬರಿ” ಎಂದೆ.

ಉಪನ್ಯಾಸದ ಶನಿವಾರ ‘ಕ’ ಅಕ್ಷರ ಗೋಡೆಯಷ್ಟು ದೊಡ್ಡದಾಗಿ ಬೆಳಗಿತು. ನಾನು ಕಾಗದವನ್ನು ಇದ್ದಂತೆ ಓದಿ, ಜ್ಞಾನರಸದ ವ್ಯಾಖ್ಯಾನವನ್ನು ಹಿಂದೆಗೆದುಕೊಂಡೆ. ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ದಿವಾನರ ವಂಶಸ್ಥರು ಕಾಫಿಯ ಕಡೆ ನಡೆದರು. ಉಡುಪಿಯ ಹಿರಿಯರನ್ನು ನಾನು ಹುಡುಕಿಕೊಂಡು ಹೋದೆ. “ಅಂದು ಆಡಿದ ಮಾತಿಗೆ ಕ್ಷಮಿಸಬೇಕು. ನಾವೂ ನಿಮ್ಮವರೇ” ಎಂದೆ.

ಅವರು ಗಂಭೀರವಾಗಿ ಯೋಚಿಸಿದರು. “ಪಾಯಸ ತಳ ಹಿಡಿಸಿ ಅರಮನೆಯಿಂದ ಬೈಸಿಕೊಂಡವರಾ? ಇಲ್ಲ ಮಾರಾಯ್ರೆ, ನಮ್ಮಲ್ಲಿ ಅಂಥವರು ಇಲ್ಲ. ನೀವು ಪಂಡಿತರಾಗಿಯೇ ಇರಿ!” ಎಂದು ನಕ್ಕು ನನ್ನ ಕೈ ಹಿಡಿದುಕೊಂಡರು.

ಮೊಮ್ಮಗಳು ಹಳೆಯ ಕಾಗದ ಓದಿಕೊಡುತ್ತಾಳೆ, ಎಲ್ಲರೂ ತನ್ನಿ ಎಂದು ಅಂದೇ ಪ್ರಕಟಿಸಿದೆವು. ಮರು ಶನಿವಾರ ಅವಳು ಲ್ಯಾಪ್‌ಟಾಪು ತೆರೆದು ಕಾದಳು. ಒಬ್ಬ ದಿವಾನರ ಕಾಗದ ಬ್ಯಾಂಕಿನ ಲಾಕರಿನಲ್ಲಿ ಉಳಿದಿತ್ತು. ಇನ್ನೊಬ್ಬರದನ್ನು ಸೊಸೆ ಎಲ್ಲಿಟ್ಟಳೋ ತಿಳಿಯದು. ದಂಡನಾಯಕರು ಸಭೆಗೇ ಬರಲಿಲ್ಲ, ಫ್ರೀವೇಯಲ್ಲಿ ಟ್ರಾಫಿಕ್ಕಂತೆ. ಉಡುಪಿಯ ಆ ಹಿರಿಯರು ಮಾತ್ರ ಜೇಬಿನಿಂದ ಅಜ್ಜನ ಕಾಲದ ಮಡಿಸಿದ ಹಾಳೆಯೊಂದನ್ನು ತೆಗೆದು, “ಓದು ಮಗಾ, ಎಂತ ಉಂಟೋ ಅದನ್ನೇ ಓದು” ಎಂದರು.

ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ನಿಧಾನವಾಗಿ ಓದತೊಡಗಿದಳು. ನಾನು ಪಕ್ಕದಲ್ಲೇ ಕುಳಿತಿದ್ದೆ. ಅವಳಾಗಿ ಕೇಳುವವರೆಗೂ ಅರ್ಥ ಹೇಳಲಿಲ್ಲ.