ಖಲ್ ಅಂದರೆ ಕಲಿಯಲ್ಲ

ಅರಬ್ಬಿಯಲ್ಲಿ ಖಲ್ ಎಂದರೆ ವಿನೆಗರ್. ತುಳುವಿನಲ್ಲಿ ಕಲಿ ಎಂದರೆ ಕಳ್ಳು. ಇಷ್ಟಕ್ಕೇ, ನಾವಿರುವ ಈ ಅರಬ್ ನಾಡಿನಲ್ಲಿ, ವಾದಿ ಕಬೀರ್ ಎಂಬ ಪೇಟೆಯ ಒಂದು ಒಳ್ಳೆಯ ಅಂಗಡಿ ಮುಚ್ಚಿತು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಗ್ಯಾರೇಜುಗಳ ಸಾಲಿನ ಕೊನೆಯಲ್ಲಿದ್ದ ಆ ಅಂಗಡಿಯನ್ನು ನಡೆಸುತ್ತಿದ್ದವರು ಮಂಗಳೂರಿನ ಕೊಂಕಣಿ ಹೆಂಗಸು. ನಾವೆಲ್ಲ ಬಾಯಮ್ಮ ಎನ್ನುತ್ತಿದ್ದೆವು. ಮನೆಯಲ್ಲೇ ವಿನೆಗರ್, ಶುಂಠಿ ಸೋಡಾ ಹುದುಗಿಸಲು ಬೇಕಾದ ಭರಣಿ, ಬಿರಡೆ, ಹೆಪ್ಪು ಎಲ್ಲ ಅಲ್ಲಿ ಸಿಗುತ್ತಿತ್ತು. ನಿಜ್ವಾ ಎಂಬ ಊರಿನ ತೋಟದವರು ಎಸೆಯಬೇಕೆಂದಿದ್ದ ಒಡೆದ ಖರ್ಜೂರವನ್ನು ತರಿಸಿ ನಮಗೆ ಹಂಚುತ್ತಿದ್ದರು. ಹಿಂಡಿದ ಸಿಪ್ಪೆ ಆಡುಗಳಿಗೆ ಹೋಗುತ್ತಿತ್ತು. ಖಾಲಿ ಬಾಟಲಿ ತೊಳೆದು ತರದವರಿಗೆ ಹೊಸದನ್ನು ಕೊಡುತ್ತಿರಲಿಲ್ಲ, ಬೈದು ಕಳಿಸುತ್ತಿದ್ದರು. ಮೈಸೂರಿನವಳಾದ ನನಗೆ ಹುಳಿ ಎಂದರೆ ಹುಣಸೆ ಎಂದಷ್ಟೇ ಗೊತ್ತಿತ್ತು. ಉಳಿದದ್ದನ್ನು ಅವರೇ ಹೇಳಿಕೊಟ್ಟರು.

ಒಂದು ದಿನ ಅವರು ಇಲ್ಲಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ದನಿ ಸಂದೇಶ ಕಳಿಸಿದರು: "ಶುಕ್ರವಾರ ಖಲ್ ಮಾಡ್ಲಿಕ್ಕೆ ಹೇಳಿಕೊಡ್ತೇನೆ. ಖಾಲಿ ಬಾಟ್ಲಿ ತನ್ನಿ." ಸಂಘದ ಹಿರಿಯರೊಬ್ಬರು, ಉಡುಪಿ ಕಡೆಯ ತುಳು ಮಾತಿನವರು, ಖಲ್ ಎಂಬುದನ್ನು ಕಲಿ ಎಂದು ಕೇಳಿಸಿಕೊಂಡರು. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ಒಂದು ಫೋನ್ ಮಾಡಿ ವಿಚಾರಿಸಬಾರದೇ? ಇಲ್ಲ. ವಾದಿ ಕಬೀರಿನಲ್ಲಿ ನಮ್ಮವರೇ ಕಳ್ಳು ಇಳಿಸಲು ಕಲಿಸುತ್ತಿದ್ದಾರೆ, ನಾವು ಎಚ್ಚರವಾಗಿರಬೇಕು ಎಂದು ಬರೆದು ಇದ್ದಬದ್ದ ಗುಂಪುಗಳಿಗೆಲ್ಲ ಹಂಚಿದರು. ಈ ನಾಡಿನಲ್ಲಿ ಆ ಮಾತಿಗೆ ಏನರ್ಥ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆ ಬರಹದ ಸುದ್ದಿ ಹಿಡಿದು ನಗರಸಭೆಯ ತಪಾಸಣೆಯವರು ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಭರಣಿ ತೆರೆದು ಮೂಸಿದರು. ಒಬ್ಬರು ನೆಕ್ಕಿ ನೋಡಿ ಮುಖ ಹಿಂಡಿದರು, ನಕ್ಕರು, ತಮ್ಮ ಅಜ್ಜಿಯೂ ಹೀಗೇ ಮಾಡುತ್ತಿದ್ದರು ಎಂದು ಹೇಳಿ ಹೋದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಬರಹ ಬಾಯಮ್ಮನ ಕಫೀಲರ, ಅಂದರೆ ಅವರಿಗೆ ಜಾಮೀನು ನಿಂತ ಇಲ್ಲಿನ ಅರಬರ, ಫೋನಿಗೂ ಮುಟ್ಟಿತ್ತು. ಲೈಸೆನ್ಸಿನಲ್ಲಿದ್ದದ್ದು ಅವರ ಹೆಸರು. ಬರೆದವರು ಅದೇ ಗುಂಪುಗಳಲ್ಲಿ ತಪ್ಪಾಯಿತೆಂದು ಹೇಳಿದರೆ ಅಂಗಡಿ ಇರಲಿ, ಇಲ್ಲವಾದರೆ ತಿಂಗಳ ಕೊನೆಗೆ ಖಲಾಸ್ ಎಂದರು.

ನಾನೇ ಆ ಹಿರಿಯರ ಮನೆಗೆ ಹೋದೆ. ಚಹಾ ಕೊಟ್ಟರು. ಕಿವಿಗೆ ಹಾಗೆ ಬಿತ್ತು, ಏನು ಮಾಡುವುದು ಎಂದರು. ಹಾಗಿದ್ದರೆ ಅಷ್ಟನ್ನೇ ಬರೆಯಿರಿ ಎಂದೆ.

"ತಪಾಸಣೆ ಆಯ್ತಲ್ಲ ಮಾರಾಯ್ರೆ. ಇನ್ನು ನಾನು ಬರೆದ್ರೆ ಸಂಘದಲ್ಲಿ ನನ್ನ ಮರ್ಯಾದೆ ಎಂತ ಆಗ್ಬೇಕು?"

ಅವರ ಮರ್ಯಾದೆಯಂತೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸಂಘದ ವೇದಿಕೆಯಲ್ಲಿ ಮಕ್ಕಳಿಗೆ ಬುದ್ಧಿ ಹೇಳುವವರೂ ಇವರೇ. ಅವರ ಚಹಾವನ್ನು ಹಾಗೇ ಬಿಟ್ಟು ಎದ್ದು ಬಂದೆ.

ಬಾಯಮ್ಮ ಭರಣಿಗಳನ್ನು ನಮಗೆಲ್ಲ ಹಂಚಿ ಊರಿಗೆ ಹೊರಟರು. ಅಳಲಿಲ್ಲ. ಹೆಪ್ಪು ಸಾಯಲು ಬಿಡಬೇಡಿ ಎಂದಷ್ಟೇ ಹೇಳಿದರು. ಈಗ ಅಲ್ಲಿ ಟೈರ್ ಮಾರುತ್ತಾರೆ.

ಮೊನ್ನೆ ಆ ಹಿರಿಯರ ಫೋನ್ ಬಂತು. ಅವರ ಮನೆಯವರು ಉಪ್ಪಿನಕಾಯಿಗೆ ಬಾಯಮ್ಮನ ವಿನೆಗರನ್ನೇ ಬಳಸುತ್ತಿದ್ದರಂತೆ, ಅದು ಮುಗಿದಿದೆಯಂತೆ, ಅಂಥದ್ದು ಈಗ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಬಾಯಮ್ಮನ ಹೆಪ್ಪು ನನ್ನ ಅಡುಗೆಮನೆಯ ಭರಣಿಯಲ್ಲಿ, ಕಣ್ಣೆದುರೇ ಇತ್ತು.

"ಖಲ್ ಖಲಾಸ್," ಎಂದೆ.

ಈ ಸಲ ಸರಿಯಾಗಿ ಕೇಳಿಸಿರಬೇಕು. ಫೋನ್ ಇಟ್ಟರು.